ಅಣ್ಣನ ಪದರ

ಭೂಮಂಡಲದಲ್ಲಿ ಗುಂಗುರು ಕೂದಲನ್ನು ಫೋಟೋದ ಹಿನ್ನೆಲೆಯಿಂದ ಎಳೆಎಳೆಯಾಗಿ ಬಿಡಿಸಬಲ್ಲವರು ಇಬ್ಬರೇ ಇಬ್ಬರು: ಒಬ್ಬ ದೇವರು, ಇನ್ನೊಬ್ಬ ಇವನು. ಅದರಲ್ಲೂ ಕಿವಿಯ ಹಿಂದಿನ ಪುಡಿಗೂದಲಿಗೆ ಬಂದಾಗ ದೇವರು ಬೇಸತ್ತು ಇವನನ್ನೇ ಕೂಗುತ್ತಾನೆ. ಸ್ಟುಡಿಯೋದ ನೆಲಮಾಳಿಗೆಯಲ್ಲಿ, ಕಾಲು ಅಲ್ಲಾಡುವ ಕುರ್ಚಿಯಲ್ಲಿ ಕೂತೇ ಇವನು ಬೋಳುತಲೆಗಳ ಮೇಲೆ ಕಾಡು ಬೆಳೆಸಿದ್ದಾನೆ. ಜಗಳವಾಡಿ ಮುಖ ತಿರುವಿಕೊಂಡು ಕೂತ ಗಂಡಹೆಂಡಿರ ಕತ್ತು ಹಿಡಿದು ಒಬ್ಬರ ಕಡೆಗೊಬ್ಬರನ್ನು ಹೊರಳಿಸಿದ್ದಾನೆ. ನಿವೃತ್ತ ನ್ಯಾಯಾಧೀಶರೊಬ್ಬರ ಜೋತುಬಿದ್ದ ಗಂಟಲನ್ನು ತೆಗೆದು ಹೊಸ ಗಂಟಲು ಹಾಕಿಕೊಟ್ಟ ಮೇಲೆ ಅವರು ಹಾಡುವುದಕ್ಕೇ ಶುರುಮಾಡಿದರಂತೆ. ಇದನ್ನೆಲ್ಲ ಇವನು ಹೇಳುತ್ತಿದ್ದ, ಕೇಳಿದವರು ನಗುತ್ತಿದ್ದರು, ನಗುವವರ ಮುಖದಲ್ಲಿ ಒಂದು ಕೂದಲೆಳೆಯಷ್ಟು ನಂಬಿಕೆ ಕಂಡರೂ ಇವನಿಗೆ ಆ ದಿನದ ಊಟ ರುಚಿಸುತ್ತಿತ್ತು. ಇಂಥವನು ಇವತ್ತು ಬೆಳಿಗ್ಗೆಯಿಂದ ಒಂದು ನೆರಳಿನ ಜೊತೆ ಗುದ್ದಾಡುತ್ತಿದ್ದ. ನೆರಳೇ ಗೆಲ್ಲುತ್ತಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ಅಣ್ಣನನ್ನು ಮೂರು ತುಂಡುಗಳಲ್ಲಿ ತಂದು ಕೂರಿಸಿದ್ದ. ತಲೆ ಬೇರೆ, ಮೈ ಬೇರೆ, ಅಮ್ಮನ ಭುಜದ ಮೇಲೆ ಇಡಬೇಕಾದ ಕೈ ಬೇರೆ. ಒಂದೊಂದೂ ಒಂದೊಂದು ಪದರ, ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ. ತಲೆಗೆ ನೆರಳು ಕೊಟ್ಟರೆ ಅದು ಹಿಂದಿನ ಗೋಡೆಗೆ ಬೀಳುವುದನ್ನು ಬಿಟ್ಟು ಅಣ್ಣನದೇ ಕತ್ತಿನ ಮೇಲೆ ಬಿತ್ತು. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ತಲೆಯ ಹಾಗೆ, ಈಗಲೋ ಆಗಲೋ ಗಾಳಿಗೆ ಹಾರಿಹೋಗುವ ಹಾಗೆ ಕಂಡಿತು. ನೆರಳಿನ ದಿಕ್ಕು ತಿರುಗಿಸಿದ. ಆ ಸಾಫ್ಟ್‌ವೇರಿನಲ್ಲಿ ಒಂದು ಕಟ್ಟುಪಾಡಿದೆ: ಬೆಳಕು ಎಲ್ಲರಿಗೂ ಒಂದೇ, ಒಂದು ಪದರದ ನೆರಳನ್ನು ತಿರುಗಿಸಿದರೆ ಉಳಿದ ಪದರಗಳ ನೆರಳುಗಳೂ ಸೇನೆಯ ಹಾಗೆ ಒಟ್ಟಿಗೆ ತಿರುಗುತ್ತವೆ. ತಲೆಯ ನೆರಳು ನೆಟ್ಟಗಾಗುವಷ್ಟರಲ್ಲಿ ಕೈಯ ನೆರಳು ಮೇಲೆದ್ದು ಅಮ್ಮನ ಕೆನ್ನೆಗೆ ಬಾರಿಸಿದಂತೆ ಹರಡಿತು. ಇವನು ತನಗೆ ತಿಳಿಯದೆಯೇ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. ಮೂರನ್ನೂ ಒಂದೇ ಗುಂಪಿಗೆ ಕಟ್ಟಿ, ಬಿಡಿ ನೆರಳುಗಳನ್ನೆಲ್ಲ ಕಿತ್ತು, ಗುಂಪಿಗೆ ಒಂದೇ ನೆರಳು ಕೊಡಬೇಕು ಎಂಬುದು ಈ ಕೆಲಸಕ್ಕೆ ಬಂದ ಮೊದಲ ವಾರವೇ ಕಲಿಯುವ ಪಾಠ. ಅದು ಹೊಳೆಯುವುದಕ್ಕೆ ಇವನಿಗೆ ಇವತ್ತು ಊಟದ ಹೊತ್ತು ದಾಟಬೇಕಾಯಿತು. ಯಜಮಾನರು ಮೆಟ್ಟಿಲ ಮೇಲಿಂದ ಬಗ್ಗಿ, "ಏನಯ್ಯಾ ಬಡಾಯಿ, ಆ ಪಾಸ್‌ಪೋರ್ಟ್ ಫೋಟೋ ಹೆಂಗಸು ಇನ್ನೂ ಮೇಲೇ ಕೂತಿದಾರೆ, ಅವರ ಪಾಸ್‌ಪೋರ್ಟ್ ಅವಧಿ ಮುಗಿದೇ ಹೋಗುತ್ತೆ ನೋಡು," ಎಂದು ಕೂಗಿದರು. "ಕಿವಿ ಹುಡುಕ್ತಿದೀನಿ ಯಜಮಾನ್ರೇ, ಅಷ್ಟು ಕೂದಲಲ್ಲಿ ಕಿವಿ ಸಿಗಬೇಕಲ್ಲ!" ಎಂದು ಇವನೂ ಕೂಗಿದ. ಬಾಯಿ ತಾನಾಗಿ ತಮಾಷೆ ಮಾಡುತ್ತಿತ್ತು. ಅದರ ಹಿಂದೆ ಯಾರೂ ಇರಲಿಲ್ಲ.

ಸಂಜೆ ಆಸ್ಪತ್ರೆಯ ಲಾಂಡ್ರಿಯ ಕೆಲಸ ಮುಗಿಸಿಕೊಂಡು ಅತ್ತಿಗೆ ನೇರವಾಗಿ ಇಲ್ಲಿಗೇ ಬರುವವಳಿದ್ದಳು. ಅಣ್ಣ ಬಸ್ಸು ಓಡಿಸುತ್ತಿದ್ದವನು, ಒಂದು ದಿನ ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಕೈ ಬ್ರೇಕು ಎಳೆದು, ಸ್ಟೀರಿಂಗಿನ ಮೇಲೆ ಹಣೆಯಿಟ್ಟವನು ಮತ್ತೆ ಎತ್ತಲಿಲ್ಲ. ಆ ವಾರ ಮನೆ ತುಂಬ ಕೂತ ಜನರ ನಡುವೆ ಅತ್ತಿಗೆ ಕೈಯಲ್ಲೊಂದು ಗುರುತಿನ ಚೀಟಿ ಹಿಡಿದುಕೊಂಡು, ಇದೊಂದೇ ಇರೋದು, ಇದರಲ್ಲಿ ಕಳ್ಳನ್ನ ಹಿಡಿದು ನಿಲ್ಲಿಸಿದ ಹಾಗಿದಾರೆ, ಇವರು ನಗ್ತಿದ್ದದ್ದು ಹೇಗೆ ಅಂತ ನಂಗೆ ಈಗಲೇ ಸರಿಯಾಗಿ ಬರ್ತಿಲ್ಲ, ಎಂದಿದ್ದಳು. ಆಗ ಇವನ ಬಾಯಿ ತೆರೆಯಿತು. ಯಾರೂ ಕೇಳಿರಲಿಲ್ಲ. "ಅಂಗಳದ ಫೋಟೋ ಇದೆಯಲ್ಲ ಅತ್ತಿಗೆ, ಅಮ್ಮ ಕುರ್ಚಿ ಮೇಲೆ, ಅಣ್ಣ ಬಾಯಿ ತೆರೆದು ನಗ್ತಾ ಇರೋದು. ನನ್ನ ಕಂಪ್ಯೂಟರಿನಲ್ಲಿ ಒಂದೊಂದು ಲೇಯರೂ ಭದ್ರವಾಗಿದೆ. ಒಂದು ಬಟನ್ ಒತ್ತಿದರೆ ಅಣ್ಣ ಎದ್ದು ಬರ್ತಾನೆ." ಎದ್ದು ಬರ್ತಾನೆ ಎಂದಾಗ ಅಷ್ಟೂ ಜನ ಇವನ ಕಡೆ ತಿರುಗಿದರು. ಅತ್ತಿಗೆಯ ಮುಖ ಅಂದು ಮೊದಲ ಸಲ ಸಡಿಲವಾಯಿತು. ಸಾವಿನ ಮನೆಯಲ್ಲೂ ಅಷ್ಟು ಕಣ್ಣು ತನ್ನ ಮೇಲೆ ಬಿದ್ದದ್ದಕ್ಕೆ ಎದೆ ಒಂದಿಷ್ಟು ಉಬ್ಬಿತಲ್ಲ, ಅದನ್ನು ನೆನೆದರೆ ಇವನಿಗೆ ಈಗ ಮೈಯೆಲ್ಲ ಅಂಟಂಟಾದ ಹಾಗೆ ಆಗುತ್ತಿತ್ತು.

ಪರದೆಯ ಮೇಲೆ ಇದ್ದದ್ದು ಅಂಗಳ, ಸುಣ್ಣದ ಗೋಡೆ, ಕುರ್ಚಿಯಲ್ಲಿ ಅಮ್ಮ, ಅಮ್ಮನ ಬಲಕ್ಕೆ ಇವನು, ಹೀರೋನ ಹಾಗೆ ಗಲ್ಲ ಎತ್ತಿ. ಎಡಕ್ಕೆ ಗೋಡೆ. ಅಷ್ಟೇ. ಬಿಳಿಯ, ನುಣುಪಾದ, ಯಾರೂ ಎಂದೂ ನಿಂತಿರದ ಗೋಡೆ. ಆ ನುಣುಪು ಇವನದೇ ಕೈಕೆಲಸ, ಮತ್ತು ಇವನು ಜೀವಮಾನದಲ್ಲಿ ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ. ಇದನ್ನು ಮಾತ್ರ ಉತ್ಪ್ರೇಕ್ಷೆಯಿಲ್ಲದೆ ಹೇಳಬಹುದು. ಸ್ಟುಡಿಯೋಗೆ ಸೇರಿದ ಹೊಸದರಲ್ಲಿ ಯಜಮಾನರು ಶೋಕೇಸಿನಲ್ಲಿಡಲು ಒಂದು ಮಾದರಿ ಬೇಕು ಎಂದಿದ್ದರು: ಅಕ್ಕಪಕ್ಕದಲ್ಲಿ ಎರಡು ಫೋಟೋ, ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ನಂತರ'. ಡ್ರಾಯರು ತುಂಬ ಯಾರ್ಯಾರದೋ ಫೋಟೋಗಳಿದ್ದವು. ಇವನು ಮನೆಯ ಗೋಡೆಯಿಂದ ಅಂಗಳದ ಫೋಟೋ ಇಳಿಸಿಕೊಂಡು ಬಂದ. ಆ ಫೋಟೋ ನೋಡಿದವರೆಲ್ಲ ಮೊದಲು ಅಣ್ಣನನ್ನು ನೋಡುತ್ತಿದ್ದರು, ನೋಡಿ ತಾವೂ ನಗುತ್ತಿದ್ದರು, ಆಮೇಲೆ ಅಮ್ಮನನ್ನು ನೋಡುತ್ತಿದ್ದರು. ಇವನ ಎತ್ತಿದ ಗಲ್ಲದ ತನಕ ಯಾರ ಕಣ್ಣೂ ಬಂದು ತಲುಪುತ್ತಿರಲಿಲ್ಲ. ಅಣ್ಣನನ್ನು ತೆಗೆದ. ಅಮ್ಮನ ಭುಜದ ಮೇಲಿದ್ದ ನಾಲ್ಕು ಬೆರಳುಗಳನ್ನು ಕಿತ್ತರೆ ಭುಜವೂ ಕಿತ್ತುಬರುತ್ತಿತ್ತು, ಅದಕ್ಕೆ ಆ ಬೆರಳುಗಳನ್ನು ಅಮ್ಮನ ಶಾಲಿನ ಮಡಿಕೆಗಳಾಗಿ ತಿದ್ದಿದ. ಯಜಮಾನರು ನೋಡಿ, ನೀನು ಸಾಮಾನ್ಯನಲ್ಲಯ್ಯಾ, ಎಂದರು. ಸ್ವತಃ ಅಮ್ಮನೇ ಒಮ್ಮೆ ಶೋಕೇಸಿನ ಮುಂದೆ ನಿಂತು, ಅಲ್ಲಾ, ನಾನು ಆ ಶಾಲನ್ನ ಹಾಗೆ ಹೊದ್ದುಕೊಂಡಿದ್ನಾ, ಎಂದಿದ್ದಳು. ಇವತ್ತು ಬೆಳಿಗ್ಗೆ ಆ ಮಡಿಕೆಗಳನ್ನು ದೊಡ್ಡದು ಮಾಡಿ ನೋಡಿದ, ಮತ್ತೂ ದೊಡ್ಡದು ಮಾಡಿದ, ಬಟ್ಟೆಯ ಅಡಿಯಲ್ಲಿ ಎಲ್ಲಾದರೂ ಒಂದು ಉಗುರಿನ ಅಂಚು, ಚರ್ಮದ ಬಣ್ಣದ ಒಂದು ಚುಕ್ಕೆ ಉಳಿದಿದೆಯೇ ಎಂದು. ಬಟ್ಟೆಯ ಅಡಿಯಲ್ಲಿ ಬಟ್ಟೆಯೇ ಇತ್ತು, ಇನ್ನೂ ಅಡಿಯಲ್ಲಿ ಬರೀ ಬಣ್ಣದ ಚುಕ್ಕೆಗಳು.

ಗುಂಪಿಗೆ ಕೊಟ್ಟ ನೆರಳು ಈಗ ಗೋಡೆಯ ಮೇಲೆ ಸರಿಯಾಗಿ ಬಿದ್ದಿತ್ತು, ಆದರೆ ತೀರ ಕಪ್ಪಾಗಿ. ತಿಳಿ ಮಾಡಲು ಪಾರದರ್ಶಕತೆಯ ಅಳತೆಯನ್ನು ಎಳೆದ. ನೆರಳಿನ ಜೊತೆ ಅಣ್ಣನೂ ತೆಳ್ಳಗಾಗಿ, ಅವನ ಎದೆಯೊಳಗಿಂದ ಗೋಡೆಯ ಸುಣ್ಣ ಕಾಣಿಸಿತು. ಗಾಬರಿಯಾಗಿ ಹಿಂದಕ್ಕೆ ಎಳೆದು, ಪಕ್ಕದಲ್ಲಿದ್ದ ಇನ್ನೊಂದು ಅಳತೆಯನ್ನು ಹಿಡಿದ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಇವನು ಎಷ್ಟೋ ಜನಕ್ಕೆ ಮೇಜು ಕುಟ್ಟಿ ವಿವರಿಸಿದ್ದವನು: ಒಂದು ಇಳಿಸಿದರೆ ಆಳೂ ಹೋಗುತ್ತಾನೆ ನೆರಳೂ ಹೋಗುತ್ತದೆ, ಇನ್ನೊಂದು ಇಳಿಸಿದರೆ ಆಳು ಮಾತ್ರ ಹೋಗುತ್ತಾನೆ. ಬೆರಳು ಜಾರಿ ಆ ಎರಡನೆಯದು ಸೊನ್ನೆಗೆ ಬಂದುಬಿಟ್ಟಿತು. ಅಣ್ಣ ಇರಲಿಲ್ಲ. ಸುಣ್ಣದ ಗೋಡೆಯ ಮೇಲೆ ಅವನ ನೆರಳು ಮಾತ್ರ ಭುಜ, ಕತ್ತು, ತಲೆ ಸಮೇತ ನೆಟ್ಟಗೆ ನಿಂತಿತ್ತು. ಇವನ ಕೈ ಮೌಸಿನ ಮೇಲೆ ಹಾಗೇ ಉಳಿಯಿತು. ಮೇಲೆ ರಸ್ತೆಯಲ್ಲಿ ಯಾರೋ ಶಟರು ಎಳೆದರು, ಆ ಸದ್ದಿಗೆ ಇವನು ವರ್ಷಗಳ ಹಿಂದಿನ ಒಂದು ಮಧ್ಯಾಹ್ನಕ್ಕೆ ಹೋದ: ಊಟದ ಡಬ್ಬಿ ಶೋಕೇಸಿನ ಗಾಜಿಗೆ ತಾಗಿ ಟಣ್ಣೆಂದಿತು, ಅಣ್ಣ ಡಿಪೋದ ಖಾಕಿ ಅಂಗಿಯಲ್ಲಿ ನಿಂತು ಗಾಜಿನೊಳಗೆ ಬಗ್ಗಿ ನೋಡುತ್ತಿದ್ದ. ಇವನು ಮರೆತು ಬಂದ ಡಬ್ಬಿಯನ್ನು ಕೊಡಲು ಬಂದಿದ್ದ. 'ಮೊದಲು' ನೋಡಿದ, 'ನಂತರ' ನೋಡಿದ, ಮತ್ತೆ 'ಮೊದಲು' ನೋಡಿದ. "ಅಲ್ವೋ ಬಡಾಯಿ," ಎಂದ, "ನನ್ನನ್ನ ತೆಗೆದದ್ದು ಸರಿ, ನೆರಳು ಯಾರದೋ ಇದು? ಅಮ್ಮಂಗೆ ದೆವ್ವ ಮೆಟ್ಟಿಕೊಂಡ ಹಾಗಿದೆಯಲ್ಲೋ!" ಯಜಮಾನರು ಗಲ್ಲಾಪೆಟ್ಟಿಗೆ ತಟ್ಟಿ ತಟ್ಟಿ ನಕ್ಕರು. ಕಾಯುತ್ತ ಕೂತಿದ್ದ ಗಿರಾಕಿಗಳು ಎದ್ದು ಬಂದು ನೋಡಿ ನಕ್ಕರು. ಅಣ್ಣನ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವನು ಹೊರಡುವಾಗ ಗಾಜಿನ ಮೇಲೆ ತನ್ನ ಬೆರಳ ಗುರುತು ಬಿದ್ದಿದೆಯೆಂದು ತೋಳಿನಿಂದ ಒರೆಸಿ ಹೋದ.

ಆ ಮಧ್ಯಾಹ್ನವೇ ಇವನು ನೆಲಮಾಳಿಗೆಗೆ ಇಳಿದು ನೆರಳನ್ನೂ ಅಳಿಸಿದ. ಬರೀ ಅಳಿಸಲಿಲ್ಲ; ಪದರಗಳನ್ನೆಲ್ಲ ಒತ್ತಿ ಒಂದೇ ಹಾಳೆ ಮಾಡಿ, ಹಳೆಯ ಫೈಲಿನ ಮೇಲೆಯೇ ಉಳಿಸಿದ. ಯಂತ್ರ ಕೇಳಿತು, ಹಳೆಯದು ಹೋಗುತ್ತದೆ, ಪರವಾಗಿಲ್ಲವೇ, ಎಂದು. ಮನೆಯಲ್ಲಿ ಯಾರೂ ಇವನನ್ನು ಅಷ್ಟು ಗೌರವದಿಂದ ಏನನ್ನೂ ಕೇಳಿರಲಿಲ್ಲ. ಪರವಾಗಿಲ್ಲ ಎಂದು ಒತ್ತಿದ. ಅಸಲು ಫೋಟೋ 'ಮೊದಲು' ಎಂಬ ಚೀಟಿಯ ಮೇಲೆ ಶೋಕೇಸಿನಲ್ಲೇ ಇತ್ತಲ್ಲ, ಎಲ್ಲಿ ಹೋಗುತ್ತದೆ? ಅದು ಎಲ್ಲಿಗೂ ಹೋಗಲಿಲ್ಲ. ಅಲ್ಲೇ ಇದ್ದು, ಬಿಸಿಲಿಗೆ ಮೊದಲು ಕೆಂಪು ಕಳಕೊಂಡು ನೀಲಿಯಾಯಿತು, ನೀಲಿ ಬೂದಿಯಾಯಿತು, ಬೂದಿ ಬಿಳಿಯಾಯಿತು. ದಿನಾ ಅದರ ಮುಂದೆಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಇವನು ನೋಡಲಿಲ್ಲ ಎಂದರೆ ನಂಬುವವರಿಲ್ಲ, ನೋಡುತ್ತಿದ್ದ. ಕೊನೆಗೆ ಯಜಮಾನರು ಶೋಕೇಸು ಒರೆಸುವಾಗ, ಇದೇನು ಖಾಲಿ ಹಾಳೆ ಇಟ್ಟಿದೀಯ, ಎಂದು ತೆಗೆದು ಬಿಸಾಕಿದರು. ಆಮೇಲೆ ಅಣ್ಣ ಎಷ್ಟೋ ಸಲ ಅಂಗಡಿಗೆ ಬಂದ, ಅತ್ತಿಗೆಯನ್ನು ಮದುವೆಯಾದ, ಅಮ್ಮ ಹೋದಾಗ ಇವನ ಹೆಗಲು ಹಿಡಿದು ನಿಂತ, ಆ ಫೋಟೋದ ಸುದ್ದಿ ಒಂದು ಸಲವೂ ಎತ್ತಲಿಲ್ಲ. ಹೆಂಡತಿಗೆ ಮಾತ್ರ, ನಮ್ಮದೊಂದು ಒಳ್ಳೇ ಫೋಟೋ ಬಡಾಯಿ ಹತ್ತಿರ ಇದೆ, ಎಂದು ಹೇಳಿದ್ದನಂತೆ. ನಿಜವಾಗಿ ಮರೆತಿದ್ದನೋ, ಇವನ ಮಾನ ಉಳಿಸಿದ್ದನೋ.

ಹಾಗಾಗಿ ಪರದೆಯ ಮೇಲೆ ಈಗ ಕಟ್ಟುತ್ತಿದ್ದ ಅಣ್ಣನ ತಲೆ ಗುರುತಿನ ಚೀಟಿಯದು. ಬಿಳಿ ಹಿನ್ನೆಲೆಯಿಂದ ಬಿಡಿಸಿದ್ದರಿಂದ ಕೂದಲ ಸುತ್ತ ಸುಣ್ಣ ಬಳಿದಂಥ ಒಂದು ಬಿಳಿ ಗೆರೆ ಅಂಟಿಕೊಂಡು ಬಂದಿತ್ತು. ದೇವರಿಗೇ ಕೂದಲು ಬಿಡಿಸಿಕೊಡುವವನು ಅದನ್ನು ಒಳಗೊಳಗೇ ಒಂದೊಂದು ಚುಕ್ಕೆ ತಿಂದು ತಿಂದು ಕರಗಿಸಿದ. ಮೈ ಇವನದೇ, ಅದೇ ಫೋಟೋದ ಬಲಗಡೆಯಿಂದ ತೆಗೆದು ಕನ್ನಡಿಯಲ್ಲಿ ತಿರುಗಿಸಿದಂತೆ ತಿರುಗಿಸಿ, ಅಂಗಿಯ ಬಣ್ಣ ಬದಲಿಸಿದ್ದ. ಕೈ ಕೂಡ ಇವನದೇ. ಇನ್ನು ಉಳಿದದ್ದು ಒಂದು: ನಗು. ಚೀಟಿಯಲ್ಲಿ ಅಣ್ಣನ ತುಟಿ ಬಿಗಿದ ಚೀಲದ ಬಾಯಿಯ ಹಾಗೆ ಮುಚ್ಚಿತ್ತು.

ಊಟದ ಹೊತ್ತು ಕಳೆದು, ಮೇಲಿನ ಅಂಗಡಿಯಲ್ಲಿ ಗಿರಾಕಿಗಳು ಖಾಲಿಯಾದಾಗ ಇವನು ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಟೈಮರು ತಿರುಗಿಸಿ, ಓಡಿಬಂದು ಸ್ಟೂಲಿನ ಮೇಲೆ ಕೂತು ನಕ್ಕ. ಕ್ಯಾಮೆರಾ ಮಿಟುಕಿಸಿತು. ಎದ್ದು ಹೋಗಿ ನೋಡಿದ: ಹೊಟ್ಟೆನೋವಿನವನ ಮುಖ. ಮತ್ತೆ ಓಡಿದ, ಕೂತ, ನಕ್ಕ. ಸಾಲ ಕೇಳಲು ಬಂದವನ ಮುಖ. ಬರೀ ಬಾಯಿ ನಗುತ್ತಿತ್ತು, ಕೆನ್ನೆಗೆ ಸುದ್ದಿಯೇ ತಲುಪುತ್ತಿರಲಿಲ್ಲ. ಮೆಟ್ಟಿಲಿಳಿದು ಬಂದ ಯಜಮಾನರು, ಒಬ್ಬನೇ ಕೂತು ಖಾಲಿ ಕೋಣೆಗೆ ಹಲ್ಲು ಕಿರಿಯುತ್ತಿದ್ದವನನ್ನು ನೋಡಿ ನಿಂತರು.

"ಏನಯ್ಯಾ ಇದು?"

"ದಂತವೈದ್ಯರ ಜಾಹೀರಾತು, ಯಜಮಾನ್ರೇ. ಭಾರೀ ಆರ್ಡರು. ಊರಿಗೆಲ್ಲ ದೊಡ್ಡ ದೊಡ್ಡ ಬೋರ್ಡು ಹಾಕ್ತಾರಂತೆ."

"ಈ ಹಲ್ಲು ಇಟ್ಟುಕೊಂಡಾ? ಇರೋ ರೋಗಿಗಳೂ ಓಡಿಹೋಗ್ತಾರೆ ಕಣಯ್ಯಾ."

ಯಜಮಾನರು ಒಂದು ಕ್ಷಣ ಪರದೆಯ ಕಡೆ ನೋಡಿದರು. ಅಂಗಳದ ಫೋಟೋ ತೆರೆದೇ ಇತ್ತು. ಅವರಿಗೆ ಏನು ಅರ್ಥವಾಯಿತೋ, ತಮಾಷೆ ಮುಂದುವರಿಸದೆ, ಲೈಟು ಸ್ವಲ್ಪ ಕೆಳಗಿಳಿಸಿಕೊಟ್ಟು ಮೇಲೆ ಹೋದರು. ಆ ಕನಿಕರ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಇವನು ಮತ್ತೊಮ್ಮೆ ಟೈಮರು ತಿರುಗಿಸಿ ಬಂದು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತ. ನೆಲದ ಮೇಲೆ ಇವನ ನೆರಳು ಬಿದ್ದಿತ್ತು, ಲೈಟು ಇಳಿಸಿದ್ದರಿಂದ ಉದ್ದವಾಗಿ, ತಲೆ ಗೋಡೆಯನ್ನು ಹತ್ತಿ. ನೆರಳು ಯಾರದೋ ಇದು, ಅಮ್ಮಂಗೆ ದೆವ್ವ ಮೆಟ್ಟಿಕೊಂಡ ಹಾಗಿದೆಯಲ್ಲೋ. ಎಲ್ಲಿಂದಲೋ ಇವನಿಗೆ ಆ ಮಾತಿನ ತಮಾಷೆ ಮೊಟ್ಟಮೊದಲ ಸಲ ತಗುಲಿತು. ನಿಜವಾಗಿಯೂ ಹಾಗೇ ಇತ್ತಲ್ಲ! ಕುರ್ಚಿಯಲ್ಲಿ ಗಂಭೀರವಾಗಿ ಕೂತ ಅಮ್ಮ, ಹಿಂದೆ ಗೋಡೆಗೆ ಒರಗಿದ ಯಾರದೂ ಅಲ್ಲದ ಒಂದು ಕರಿ ಆಕಾರ, ಪಕ್ಕದಲ್ಲಿ ಏನೂ ಗೊತ್ತಿಲ್ಲದೆ ಗಲ್ಲ ಎತ್ತಿ ನಿಂತ ಹೀರೋ! ಹೊಟ್ಟೆಯಿಂದ ನಗು ಬಂತು, ಕಣ್ಣಲ್ಲಿ ನೀರು ಬಂತು, ಕ್ಯಾಮೆರಾ ಮಿಟುಕಿಸಿತು. ಅದರಲ್ಲಿ ಸಿಕ್ಕ ಬಾಯಿಯನ್ನೇ ಕತ್ತರಿಸಿ ಅಣ್ಣನ ಮುಖಕ್ಕಿಟ್ಟ. ಅಂಚುಗಳನ್ನು ಮಸುಕು ಮಾಡಿದ, ಕೆನ್ನೆಯ ಬಣ್ಣ ಹೊಂದಿಸಿದ. ಹೊಂದಿಕೊಂಡಿತು. ಒಂದೇ ತಾಯಿಯ ಹೊಟ್ಟೆಯ ಎರಡು ಮುಖಗಳು, ಹೊಲಿಗೆ ಕಾಣದ ಹಾಗೆ ಕೂಡಿಕೊಂಡವು. ಗೋಡೆಯ ಮೇಲೆ ತಿಳಿಯಾದ ನೆರಳು. ಇವನಿಗೇ ಒಂದು ಕ್ಷಣ, ಅಣ್ಣ ಎಂದು ಬಾಯಿಗೆ ಬಂತು.

ಅತ್ತಿಗೆ ಮೆಟ್ಟಿಲಿಳಿದು ಬಂದಾಗ ಅವಳ ಸೀರೆಯಿಂದ ಸೋಪಿನ, ಬಿಸಿ ಹಬೆಯ ವಾಸನೆ ಬಂತು. ಕೈಯ ಬೆರಳ ತುದಿಗಳೆಲ್ಲ ನೆನೆದು ಸುಕ್ಕಾಗಿದ್ದವು.

"ಏನ್ ಮೈದುನ್ರೇ, ಬಟನ್ ಒತ್ತಿದ್ರಾ, ಇಲ್ಲ ಅದಕ್ಕೂ ಮುಹೂರ್ತ ನೋಡಬೇಕಾ?" ಎಂದಳು. ನಗಿಸುವ ಪ್ರಯತ್ನ, ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದಿರಬೇಕು.

"ಕೂತ್ಕೊಳ್ಳಿ ಅತ್ತಿಗೆ. ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ, ಕುರ್ಚಿ ಕಾಲು ಅಲ್ಲಾಡುತ್ತೆ."

ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ನೋಡಿದಳು. ಆಮೇಲೆ ಕೈ ಎತ್ತಿ, ಮುಟ್ಟಬಾರದೆಂದು ನೆನಪಾಗಿ, ಪರದೆಯಿಂದ ತುಸು ದೂರದಲ್ಲೇ ಬೆರಳನ್ನು ಅಣ್ಣನ ಕೆನ್ನೆಯ ಗುಂಟ ಆಡಿಸಿದಳು.

"ಹೌದು," ಎಂದಳು. "ಹೌದು ಕಣೋ. ಹೀಗೇ. ರಾತ್ರಿಯೆಲ್ಲ ಕಣ್ಣು ಮುಚ್ಚಿ ಪ್ರಯತ್ನ ಮಾಡ್ತೀನಿ, ಗೊತ್ತಾ? ಹಣೆ ಬರುತ್ತೆ, ಕಣ್ಣು ಬರುತ್ತೆ, ನಗೋಕೆ ಶುರು ಮಾಡ್ತಾರೆ ಅನ್ನುವಷ್ಟರಲ್ಲಿ ಆ ಹಾಳು ಚೀಟಿ ಮುಖ ಬಂದು ಅಡ್ಡ ಕೂತುಬಿಡುತ್ತೆ. ಈಗ ಬಂತು. ಇದೇ."

ಇವನ ಎದೆಯಿಂದ ಒಂದು ಬಂಡೆ ಉರುಳಿತು. ಬಂಡೆ ಉರುಳಿದ ಜಾಗಕ್ಕೆ ಹಳೆಯ ಚಾಳಿ ಓಡಿಬಂತು. "ನಾನು ಹೇಳಿರಲಿಲ್ವಾ ಅತ್ತಿಗೆ! ಲೇಯರ್ ಅಂದ್ರೆ ಏನಂದ್ಕೊಂಡ್ರಿ, ಜೋಪಾನವಾಗಿ ಇಟ್ಟಿದ್ದೆ, ಪ್ರಳಯ ಆದರೂ ಅಣ್ಣ ಅಲ್ಲಾಡ್ತಿರಲಿಲ್ಲ," ಎಂದು ನಕ್ಕ. ಮನಸಾರೆ ನಕ್ಕ.

ಅತ್ತಿಗೆ ಇವನ ಕಡೆ ತಿರುಗಿದಳು. ಅವಳ ಮುಖದ ಮೇಲಿನ ಸಂತೋಷ ಅಲ್ಲೇ ಇತ್ತು, ಅದರ ಹಿಂದೆ ಏನೋ ನಿಂತುಹೋಯಿತು. ಪರದೆ ನೋಡಿದಳು. ಮತ್ತೆ ಇವನನ್ನು ನೋಡಿದಳು.

"ಇನ್ನೊಂದ್ಸಲ ನಗು."

"ಏನು?"

"ಈಗ ನಕ್ಕೆಯಲ್ಲ. ಹಾಗೆ."

ಇವನ ತುಟಿ ಏಳಲಿಲ್ಲ. ಅವಳು ಕಾದಳು. ಗದರಿಸಲಿಲ್ಲ. "ಇವರಿಗೆ ಇಲ್ಲಿ ಕೋರೆಹಲ್ಲು ಓರೆಯಾಗಿತ್ತಾ?" ಎಂದು ಕೇಳಿದಳು. ಕೊಂಕು ಮಾತಲ್ಲ. ಗೊತ್ತಿಲ್ಲದೆಯೇ ಕೇಳುತ್ತಿದ್ದಳು, ಗೊತ್ತಿರುವವನು ನೀನೊಬ್ಬನೇ ಉಳಿದಿದ್ದೀಯ ಎಂಬಂತೆ.

"ಇತ್ತು ಅತ್ತಿಗೆ," ಎಂದ. "ಅಮ್ಮನ ಕಡೆಯ ಹಲ್ಲು. ನಮ್ಮಿಬ್ಬರಿಗೂ."

ಅವಳು ನಂಬಲು ನೋಡಿದಳು. ತಲೆಯನ್ನೂ ಆಡಿಸಿದಳು. ಆಮೇಲೆ ತನ್ನ ಸುಕ್ಕಾದ ಬೆರಳನ್ನು ತನ್ನದೇ ತುಟಿಯ ಮೇಲಿಟ್ಟುಕೊಂಡು ನಿಧಾನವಾಗಿ, "ಇಲ್ಲ ಕಣೋ," ಎಂದಳು. "ಸಾಲಾಗಿತ್ತು. ಕಟ್ಟಿಸಿಕೊಂಡ ಹಲ್ಲು ಅಂತ ರೇಗಿಸ್ತಿದ್ದೆ ನಾನು. ತೆಗಿ, ಈ ಬಾಯಿ. ಕೆಳಗೆ ಅವರ ಬಾಯಿ ಇರುತ್ತಲ್ಲ, ಅದನ್ನ ತೋರಿಸು."

ಒಂದೊಂದು ಪದರದ ಪಕ್ಕದಲ್ಲಿ ಒಂದೊಂದು ಪುಟ್ಟ ಕಣ್ಣಿನ ಗುರುತಿರುತ್ತದೆ, ಒತ್ತಿದರೆ ಆ ಪದರ ಮರೆಯಾಗುತ್ತದೆ. ಇವನು ಒತ್ತಿದ. ನಗು ಹೋಯಿತು, ಬಿಗಿದ ತುಟಿ ಬಂತು.

"ಇದು ಚೀಟಿಯದ್ದು," ಎಂದಳು ಅವಳು.

"ಹ್ಞೂಂ."

"ತೆಗಿ."

ತಲೆ ಹೋಯಿತು. ತಲೆಯಿಲ್ಲದ ಮೈ ಅಮ್ಮನ ಪಕ್ಕ ನಿಂತಿತ್ತು. "ಮೈ ನಂದು ಅತ್ತಿಗೆ. ತಿರುಗಿಸಿ ಹಾಕಿದೀನಿ. ಕೈನೂ." ಅದನ್ನೂ ತೆಗೆದ. ಅಮ್ಮ, ಗಲ್ಲ ಎತ್ತಿದ ಹೀರೋ, ನುಣುಪಾದ ಗೋಡೆ.

"ಇದರ ಕೆಳಗೆ?"

ಕೊನೆಯ ಕಣ್ಣನ್ನೂ ಒತ್ತಿದ. ಅಂಗಳ ಹೋಗಿ ಪರದೆ ತುಂಬ ಬೂದು ಬಿಳಿ ಚೌಕಗಳು ಬಂದವು, ಹಾಸುಗಲ್ಲಿನ ಹಾಗೆ, ಅಂಚಿನಿಂದ ಅಂಚಿಗೆ.

"ಇದೇನು?"

"ಇದು... ಏನೂ ಇಲ್ಲ ಅಂತ ತೋರಿಸೋಕೆ ಹಾಕಿರ್ತಾರೆ."

ಹೇಳಿದ. ಶೋಕೇಸು, ಮೊದಲು, ನಂತರ, ಡಬ್ಬಿ, ಗಿರಾಕಿಗಳ ನಗು, ನೆರಳು. ನೆರಳನ್ನು ಅಳಿಸಿದ್ದು. ಅಣ್ಣನನ್ನ ತೆಗಿ ಅಂತ ಯಾರೂ ಹೇಳಿರಲಿಲ್ಲ, ನನ್ನನ್ನ ಯಾರಾದರೂ ನೋಡಲಿ ಅಂತ ತೆಗೆದೆ, ಎಂದ. ಲೇಯರ್ ಯಾವತ್ತೋ ಹೋಯಿತು, ಆ ದಿನ ಮನೆಯಲ್ಲಿ ಹೇಳಿದ್ದು ಸುಳ್ಳು, ಎಂದ. ಹೇಳುವಾಗ ಒಂದು ಕಡೆಯೂ ಉಪ್ಪು ಖಾರ ಹಚ್ಚಲಿಲ್ಲ. ಮಾತು ಬೇಗ ಮುಗಿದುಹೋಯಿತು. ಅತ್ತಿಗೆ ಬೈಯುತ್ತಾಳೆಂದು ಕಾದ. ಅವಳು ಚೌಕಗಳನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿದಳು, ಬಿಗಿಯಾಗಿ, ರೆಪ್ಪೆ ನಡುಗುವಷ್ಟು. ತೆರೆದಳು. ಇನ್ನೊಮ್ಮೆ ಮುಚ್ಚಿದಳು.

"ಬೆಳಿಗ್ಗೆ ತನಕ ನಗುವ ಮುಖ ಬರ್ತಿರಲಿಲ್ಲ," ಎಂದಳು, ಕಣ್ಣು ಮುಚ್ಚಿಕೊಂಡೇ. "ಈಗ ಬರ್ತಿದೆ. ಅವರ ಹಣೆ, ಅವರ ಕಣ್ಣು. ನಗು ಮಾತ್ರ ನಿಂದು. ಓರೆ ಹಲ್ಲು. ಸರಿಸಿದರೂ ಅದೇ ಬಂದು ಕೂರುತ್ತೆ."

ಇವನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಎಂಥೆಂಥದೋ ತೆಗೀತೀಯಂತೆ ನೀನು," ಎಂದಳು. "ಇದನ್ನ ತೆಗಿಯೋಕೆ ಬರುತ್ತಾ ನಿಂಗೆ?"

ಮೇಲೆ ಯಜಮಾನರು ಯಾರಿಗೋ, ಗಲ್ಲ ಸ್ವಲ್ಪ ಎತ್ತಿ, ಇಲ್ಲಿ ನೋಡಿ, ಎನ್ನುತ್ತಿದ್ದರು.

"ಬರಲ್ಲ, ಅತ್ತಿಗೆ," ಎಂದ.